ಸೋಲುವವರಿಗೂ ಒಂದು ಮುಂದಿನ ವರ್ಷ

ದಿನಪತ್ರಿಕೆಯ ಕ್ರೀಡಾಪುಟದ ಕೆಳಮೂಲೆಯಲ್ಲಿ ಒಮ್ಮೊಮ್ಮೆ ಅಂತರ ಕಾಲೇಜು ಪಂದ್ಯಗಳ ಫಲಿತಾಂಶಗಳು ಸಣ್ಣ ಅಕ್ಷರಗಳಲ್ಲಿ ಅಚ್ಚಾಗುತ್ತವೆ. ಗೆದ್ದ ಕಾಲೇಜಿನ ಹೆಸರು ಮೊದಲು, ಸೋತ ಕಾಲೇಜಿನದು ನಂತರ, ಜೊತೆಗೆ ಎರಡು ಅಂಕಿಗಳು. ಅಲ್ಲಿಗೆ ವರದಿ ಮುಗಿಯಿತು. ಶಿರಸಿ, ಸಿದ್ದಾಪುರ ಅಥವಾ ಯಲ್ಲಾಪುರದ ಕಾಲೇಜೊಂದರ ಹೆಸರು ಆ ಸಾಲಿನಲ್ಲಿ ಎರಡನೆಯದಾಗಿ ಬಂದರೆ ನಮ್ಮಲ್ಲಿ ಯಾರೂ ಅಚ್ಚರಿಪಡುವುದಿಲ್ಲ. ಧಾರವಾಡ, ಹುಬ್ಬಳ್ಳಿಗಳ ದೊಡ್ಡ ಕಾಲೇಜುಗಳ ಎದುರಿನಲ್ಲಿ ನಮ್ಮ ಘಟ್ಟದ ಮೇಲಿನ ಮಕ್ಕಳು ಸೋಲುವುದು ಮಳೆಗಾಲದಲ್ಲಿ ಮಳೆ ಬಂದಷ್ಟೇ ಸಹಜವೆಂದು ನಾವು ಭಾವಿಸಿಬಿಟ್ಟಿದ್ದೇವೆ. ಹೀಗೆ ಸಹಜವೆಂದು ಒಪ್ಪಿಕೊಂಡ ಸಂಗತಿಗಳ ಒಳಗೇ ಕೆಲವೊಮ್ಮೆ ಗಂಭೀರವಾದ ನೈತಿಕ ಪ್ರಶ್ನೆಗಳು ಅಡಗಿರುತ್ತವೆ. ಬಲಾಬಲಗಳು ಸಮವಲ್ಲವೆಂದು ತಿಳಿದೂ, ಸೋಲು ಬಹುಮಟ್ಟಿಗೆ ಖಚಿತವೆಂದು ತಿಳಿದೂ, ಮಕ್ಕಳನ್ನು ಅಂತಹ ಪಂದ್ಯಕ್ಕೆ ಕಳುಹಿಸುವುದು ಸರಿಯೇ? ಅದು ಧೈರ್ಯದ ಶಿಕ್ಷಣವೋ, ಅಥವಾ ದೊಡ್ಡವರ ಅಲಕ್ಷ್ಯಕ್ಕೆ ನಾವು ತೊಡಿಸಿದ ಧೈರ್ಯದ ವೇಷವೋ?

ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ನೆಲದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಈ ಅಸಮಾನತೆ ಆರಂಭವಾಗುವುದೇ ನೆಲದಿಂದ. ಕಾಲ್ಚೆಂಡಿನ ಪೂರ್ಣ ಪ್ರಮಾಣದ ಅಂಕಣಕ್ಕೆ ಸುಮಾರು 100 ಮೀಟರ್ ಉದ್ದ, 64 ಮೀಟರ್ ಅಗಲದ ಸಮತಟ್ಟಾದ ಜಾಗ ಬೇಕು. ಕಾಡು, ಗುಡ್ಡ, ಕಣಿವೆಗಳಲ್ಲಿ ಅಡಿಕೆ ತೋಟ, ಬಯಲಿದ್ದಲ್ಲಿ ಗದ್ದೆ: ಇಂತಹ ಸೀಮೆಯಲ್ಲಿ ಅಷ್ಟು ವಿಸ್ತಾರವಾದ ಸಮನೆಲ ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕೆಸರು. ಆದರೆ ವಾಲಿಬಾಲ್‌ಗೆ 18 ಮೀಟರ್ ಉದ್ದ, 9 ಮೀಟರ್ ಅಗಲ ಸಾಕು. ಕಬಡ್ಡಿಗೆ ಇನ್ನೂ ಕಡಿಮೆ, 13 ಮತ್ತು 10 ಮೀಟರ್. ಅಡಿಕೆ ಒಣಗಿಸುವ ದೊಡ್ಡ ಅಂಗಳವೊಂದು ಬಿಡುವಾದಾಗ ಅಲ್ಲಿಯೇ ಬಲೆ ಕಟ್ಟಬಹುದು. ಆದ್ದರಿಂದಲೇ ನಮ್ಮ ಹಳ್ಳಿಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ನಡೆಯುವುದು ಹೆಚ್ಚಾಗಿ ಈ ಎರಡು ಆಟಗಳಿಗೆ. ಕಾಲ್ಚೆಂಡಿನ ಹುಚ್ಚು ನೋಡಬೇಕಾದರೆ ಘಟ್ಟ ಇಳಿದು ಗೋವೆಗೆ ಹತ್ತಿರದ ಕಾರವಾರದ ಕಡೆಗೆ ಹೋಗಬೇಕು. ಆಟವನ್ನು ಆರಿಸಿದ್ದು ನಮ್ಮ ಮಕ್ಕಳಲ್ಲ, ಭೂಮಿಯೇ ಎಂದರೂ ತಪ್ಪಾಗಲಾರದು.

ಶಿರಸಿಯ ಎಂ.ಎಂ. ಕಾಲೇಜು, ಸಿದ್ದಾಪುರದ ಎಂ.ಜಿ.ಸಿ. ಕಾಲೇಜು, ಯಲ್ಲಾಪುರದ ಸರಕಾರಿ ಪ್ರಥಮ ದರ್ಜೆ ಕಾಲೇಜು ಮೊದಲಾದವು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷವೇ ಧಾರವಾಡಕ್ಕೆ ಬಂದ ಆ ವಿಶ್ವವಿದ್ಯಾಲಯದ ಪಂದ್ಯಾವಳಿಗಳಲ್ಲಿ ನಗರದ ಕಾಲೇಜುಗಳೂ ಮಲೆನಾಡಿನ ಕಾಲೇಜುಗಳೂ ಒಂದೇ ಅಂಕಣದಲ್ಲಿ ಎದುರಾಗುತ್ತವೆ. ಅಲ್ಲಿಂದ ಮೇಲೆ ಹೋದಂತೆ ಅಂತರ ಹಿಗ್ಗುತ್ತದೆ. ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಕಾಲ್ಚೆಂಡಿನಲ್ಲಿ ಅನೇಕ ಬಾರಿ ರಾಷ್ಟ್ರದ ಚಾಂಪಿಯನ್ ಆಗಿರುವ ಕಲ್ಲಿಕೋಟೆಯಂತಹ ವಿಶ್ವವಿದ್ಯಾಲಯಗಳಿವೆ. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದಾಗ ಪದಕ ಪಟ್ಟಿಯ ಮೊದಲ ಸ್ಥಾನ ಅದೇ ನಗರದ ಜೈನ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಇಂತಹ ಸಂಸ್ಥೆಗಳು ದೇಶದ ಪ್ರತಿಭೆಗಳನ್ನು ಹುಡುಕಿ ತಂದು, ಶುಲ್ಕ, ವಸತಿ, ತರಬೇತುದಾರ ಎಲ್ಲವನ್ನೂ ಒದಗಿಸುತ್ತವೆ. ಅದು ದೋಷವಲ್ಲ, ಪ್ರತಿಭೆಗೆ ಮನ್ನಣೆ ದೊರೆಯುವುದು ಸಂತೋಷವೇ. ಆದರೆ ಹುಲೇಕಲ್ಲಿನಿಂದಲೋ ಮಂಚಿಕೇರಿಯಿಂದಲೋ ಬಸ್ಸು ಹಿಡಿದು ಕಾಲೇಜಿಗೆ ಬರುವ ಹುಡುಗನೊಬ್ಬನನ್ನು ಆ ತಂಡದ ಎದುರು ನಿಲ್ಲಿಸಿ, ಇಬ್ಬರಿಗೂ ನಿಯಮ ಒಂದೇ, ಆದುದರಿಂದ ಪಂದ್ಯ ಸಮಾನವೇ ಎಂದು ಹೇಳಿದರೆ ಅದು ಅರ್ಧಸತ್ಯ ಮಾತ್ರ.

ಪಾಲಕರ ವಾದವನ್ನು ನಾವು ತಳ್ಳಿಹಾಕುವಂತಿಲ್ಲ. ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ನಲವತ್ತು ನಿಮಿಷ ಕಬಡ್ಡಿ ಆಡಿ, ಹೀನಾಯವಾಗಿ ಸೋತು, ಎರಡು ದಿನದ ಪಾಠ ಕಳೆದುಕೊಂಡು, ಮೈಯೆಲ್ಲ ತರಚಿಕೊಂಡು ಬರುವುದರಿಂದ ಮಗನಿಗೆ ಏನು ದೊರೆಯಿತು ಎಂದು ತಾಯಿ ಕೇಳಿದರೆ, "ಅನುಭವ" ಎಂಬ ಒಂದೇ ಪದ ಉತ್ತರವಾಗಲಾರದು. ಸೋಲಿನಿಂದ ಎಲ್ಲರೂ ಕಲಿಯುತ್ತಾರೆ ಎಂಬುದು ವೇದಿಕೆಯ ಮೇಲೆ ಚೆನ್ನಾಗಿ ಕೇಳಿಸುವ ಮಾತು. ಆದರೆ ಏಕೆ ಸೋತೆವೆಂದು ತೋರಿಸಿಕೊಡುವವರಿಲ್ಲದೆ, ತಿದ್ದಿಕೊಳ್ಳುವ ಅವಕಾಶವಿಲ್ಲದೆ, ಪದೇ ಪದೇ ಸೋತವನು ಕಲಿಯುವುದು ಒಂದನ್ನೇ: ಇದು ನಮ್ಮಂಥವರಿಗೆ ಹೇಳಿದ್ದಲ್ಲ ಎಂಬುದನ್ನು. ಆ ಪಾಠ ಆಟದ ಅಂಗಳಕ್ಕೆ ಸೀಮಿತವಾಗಿ ಉಳಿಯುವುದಿಲ್ಲ. ಮುಂದೆ ಸ್ಪರ್ಧಾತ್ಮಕ ಪರೀಕ್ಷೆಯ ಅರ್ಜಿ ಕೈಗೆ ಬಂದಾಗಲೂ ಅದೇ ಮಾತು ಕಿವಿಯಲ್ಲಿ ಕೇಳಿಸುತ್ತದೆ.

ಇಂತಹ ಸಂದರ್ಭದಲ್ಲಿ ಸಣ್ಣವರು ದೊಡ್ಡವರನ್ನು ಸೋಲಿಸಿದ ಕಥೆಯೊಂದನ್ನು ಹೇಳಿ ಸಮಾಧಾನ ಮಾಡುವುದು ನಮ್ಮೆಲ್ಲರ ರೂಢಿ. ನಾನೂ ಒಂದನ್ನು ಹೇಳುತ್ತೇನೆ. ಆದರೆ ಅದನ್ನು ಪೂರ್ತಿಯಾಗಿ ಹೇಳುತ್ತೇನೆ.

ಅಮೆರಿಕದ ಕೆಂಟುಕಿ ರಾಜ್ಯದ ಡ್ಯಾನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಸೆಂಟರ್ ಕಾಲೇಜ್ ಎಂಬ ವಿದ್ಯಾಸಂಸ್ಥೆಯಿದೆ. 1819ರಲ್ಲಿ ಪ್ರೆಸ್ಬಿಟೇರಿಯನ್ ಕ್ರೈಸ್ತರು ಅದನ್ನು ಸ್ಥಾಪಿಸಿದರು. 1921ರಲ್ಲಿ ಅಲ್ಲಿದ್ದ ವಿದ್ಯಾರ್ಥಿಗಳು ಮುನ್ನೂರಕ್ಕಿಂತಲೂ ಕಡಿಮೆ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಅಡ್ಡ ಬಂದವರನ್ನು ತಳ್ಳಿಕೊಂಡು ಎದುರಾಳಿಯ ಗೆರೆ ದಾಟುವ ಆಟವದು. ಆ ಆಟದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅಂದು ದೇಶದ ಮಹಾಶಕ್ತಿಗಳಲ್ಲಿ ಒಂದು. 1920ರ ಜನವರಿ 1ರಂದು ಹೆಸರಾಂತ ರೋಸ್ ಬೌಲ್ ಪಂದ್ಯವನ್ನು ಗೆದ್ದಿತ್ತು. ಅದೇ ವರ್ಷದ ಶರತ್ಕಾಲದಲ್ಲಿ ಸೆಂಟರ್ ಕಾಲೇಜಿನ ಹುಡುಗರು ಹಾರ್ವರ್ಡಿನ ಕ್ರೀಡಾಂಗಣಕ್ಕೇ ಹೋದರು. ಪಂದ್ಯದ ಅರ್ಧಕ್ಕೆ 14-14 ಸಮ. ಮುಗಿಯುವ ಹೊತ್ತಿಗೆ 31-14, ಹಾರ್ವರ್ಡ್ ಗೆದ್ದಿತ್ತು. ಮರುವರ್ಷ, 1921ರ ಅಕ್ಟೋಬರ್ 29ರಂದು, ಮತ್ತೆ ಅಲ್ಲಿಗೇ ಹೋದರು. ಪಂದ್ಯದ ಉತ್ತರಾರ್ಧದಲ್ಲಿ ಬೋ ಮೆಕ್‌ಮಿಲಿನ್ ಎಂಬ ಆಟಗಾರ ಚೆಂಡು ಹಿಡಿದು ಓಡಿ ಗೆರೆ ದಾಟಿದ. ಆರು ಅಂಕ. ಅಷ್ಟೇ. ಫಲಿತಾಂಶ 6-0. ಡ್ಯಾನ್‌ವಿಲ್‌ನ ಗೋಡೆಗಳ ಮೇಲೆ ರಸಾಯನಶಾಸ್ತ್ರದ ಸೂತ್ರದಂತೆ ಸಿ-6, ಎಚ್-0 ಎಂದು ಬಣ್ಣದಲ್ಲಿ ಬರೆದರು. ಸೆಂಟರ್ ಆರು, ಹಾರ್ವರ್ಡ್ ಸೊನ್ನೆ.

ಪಂದ್ಯಕ್ಕೆ ಮುನ್ನ ಪ್ರಾರ್ಥಿಸುತ್ತಿದ್ದುದರಿಂದ ಆ ತಂಡಕ್ಕೆ "ಪ್ರಾರ್ಥಿಸುವ ಕರ್ನಲ್‌ಗಳು" ಎಂಬ ಹೆಸರು ಬಂದಿತ್ತು. ಇದನ್ನು ಕೇಳಿದೊಡನೆ ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ಒಂದು ಸುಲಭವಾದ ತೀರ್ಮಾನ ಸಿದ್ಧವಾಗುತ್ತದೆ. ಅದನ್ನು ನಾನು ಒಪ್ಪಲಾರೆ. 1920ರಲ್ಲಿ ಸೋತಾಗಲೂ ಅವರು ಪ್ರಾರ್ಥಿಸುವ ತಂಡವೇ ಆಗಿದ್ದರು. ಹಾರ್ವರ್ಡಿನ ಹುಡುಗರಲ್ಲಿಯೂ ಮನಸ್ಸಿನಲ್ಲಿ ದೇವರನ್ನು ನೆನೆದವರು ಇದ್ದಿರಬಹುದು. ದೇವರು ಅಂಕ ಎಣಿಸುವವನೆಂದು ಮಕ್ಕಳಿಗೆ ಕಲಿಸಿದರೆ, ಸೋತು ಬಂದ ದಿನ ಅವರು ದೇವರ ಬಗ್ಗೆ ಏನು ತಿಳಿಯಬೇಕು?

ಕಥೆಯ ಉಳಿದ ಭಾಗವನ್ನೂ ಕೇಳಬೇಕು. ಮೆಕ್‌ಮಿಲಿನ್ ಕೆಂಟುಕಿಯ ಹುಡುಗನಲ್ಲ. ಟೆಕ್ಸಸ್ ರಾಜ್ಯದ ಫೋರ್ಟ್ ವರ್ತ್ ಎಂಬಲ್ಲಿನ ಶಾಲೆಯೊಂದರಲ್ಲಿ ತರಬೇತುದಾರನಾಗಿದ್ದ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ, ತನ್ನ ಶಿಷ್ಯರಲ್ಲಿ ಒಳ್ಳೆಯ ಆಟಗಾರರನ್ನು ಆರಿಸಿ ಕರೆತಂದಿದ್ದ, ಮೆಕ್‌ಮಿಲಿನ್ ಅವರಲ್ಲೊಬ್ಬ. ಅಂದರೆ ಸಣ್ಣ ಕಾಲೇಜಿನ ಪವಾಡದ ಹಿಂದೆಯೂ ಹುಡುಕಿ ತಂದ ಆಟಗಾರರಿದ್ದರು. (ನಮ್ಮ ಕಡೆಯ ರಾತ್ರಿ ಪಂದ್ಯಾವಳಿಗಳಲ್ಲಿ ಊರಿನ ತಂಡದ ಅಂಗಿ ತೊಟ್ಟ ಹೊರ ಜಿಲ್ಲೆಯ ಆಟಗಾರನನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ.) 1922ರಲ್ಲಿ ಎರಡೂ ತಂಡಗಳು ಮತ್ತೆ ಎದುರಾದವು. ಹಾರ್ವರ್ಡ್ 24, ಸೆಂಟರ್ 10. ಆ ಸೋಲಿನ ಅಂಕಿಯನ್ನು ಯಾರೂ ಗೋಡೆಯ ಮೇಲೆ ಬರೆಯಲಿಲ್ಲ. ಮೂರು ವರ್ಷ, ಮೂರು ಪಂದ್ಯ, ಎರಡು ಸೋಲು, ಒಂದು ಗೆಲುವು. ನಾವು ಹೇಳುವ ಕಥೆ ನಡುವಿನದು ಮಾತ್ರ.

ಯುರೋಪಿನ ಉತ್ತರದ ಸಮುದ್ರದಲ್ಲಿರುವ ಫ್ಯಾರೋ ದ್ವೀಪಗಳ ಕಥೆಯೂ ಹೀಗೆಯೇ. 1990ರಲ್ಲಿ ಅಲ್ಲಿಯ ಜನಸಂಖ್ಯೆ ಐವತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ಅಂತರರಾಷ್ಟ್ರೀಯ ಕಾಲ್ಚೆಂಡಿಗೆ ಬೇಕಾದ ಹುಲ್ಲಿನ ಅಂಕಣ ಇಲ್ಲದ್ದರಿಂದ ತಮ್ಮ "ತವರಿನ" ಪಂದ್ಯವನ್ನು ಅವರು ಸ್ವೀಡನ್ನಿನ ಲಾಂಡ್ಸ್‌ಕ್ರೋನಾದಲ್ಲಿ ಆಡಬೇಕಾಯಿತು. ನೆಲವಿಲ್ಲದವರ ಕಷ್ಟ ನಮಗೆ ಹೇಳಿಕೊಡಬೇಕಾಗಿಲ್ಲ. ಆ ವರ್ಷದ ಸೆಪ್ಟೆಂಬರ್ 12ರಂದು ಮರದ ವ್ಯಾಪಾರದಲ್ಲಿದ್ದ ಟೋರ್ಕಿಲ್ ನೀಲ್ಸನ್ ಹೊಡೆದ ಒಂದೇ ಗೋಲಿನಿಂದ ಅವರು ಆಸ್ಟ್ರಿಯವನ್ನು ಸೋಲಿಸಿದರು. ಜಗತ್ತು ಬೆರಗಾಯಿತು. ಮುಂದಿನ ತಿಂಗಳೇ ಡೆನ್ಮಾರ್ಕ್ ಎದುರು 4-1ರಿಂದ ಸೋತರು. ಆದರೂ ಆ ತಂಡ ಇಂದಿಗೂ ಆಡುತ್ತಿದೆ.

ಈ ಎರಡು ಪ್ರಸಂಗಗಳಲ್ಲಿ ನನ್ನನ್ನು ಸೆಳೆಯುವುದು ಗೆಲುವಲ್ಲ. ಸೋತವರಿಗೆ ಮರಳಿ ಬರುವ ದಾರಿ ತೆರೆದಿತ್ತು ಎಂಬುದು. 1920ರಲ್ಲಿ ಸೋತ ಸೆಂಟರ್ ಕಾಲೇಜಿಗೆ 1921 ಎಂಬ ವರ್ಷವಿತ್ತು. ಸೋಲಿನ ಲಾಭ ಏನೇ ಇರಲಿ, ಅದು ಕೈಗೆ ಬರುವುದು ಮುಂದಿನ ವರ್ಷದಲ್ಲಿ. ಆ ವರ್ಷವನ್ನು ಇಲ್ಲವಾಗಿಸಿದರೆ ಸೋಲು ಬರಿಯ ಸೋಲಾಗಿ ಉಳಿಯುತ್ತದೆ.

ಓದುಗರಲ್ಲಿ ಅನೇಕರ ಮನಸ್ಸಿನಲ್ಲಿ ಇಷ್ಟು ಹೊತ್ತಿಗೆ ದಾವೀದನೂ ಗೊಲ್ಯಾತನೂ ಬಂದು ನಿಂತಿರಬಹುದು. ಸಣ್ಣವರು ದೊಡ್ಡವರನ್ನು ಎದುರಿಸುವ ಮಾತು ಬಂದಾಗಲೆಲ್ಲ ಆ ಕುರಿಕಾಯುವ ಹುಡುಗನನ್ನು ಕರೆಯುತ್ತೇವೆ. ಆದರೆ ಸಮುವೇಲನ ಮೊದಲನೆಯ ಗ್ರಂಥದ ಹದಿನೇಳನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅರಸ ಸೌಲನು ತನ್ನ ಕವಚವನ್ನು ತೊಡಿಸಿದಾಗ ದಾವೀದನು ಅದನ್ನು ಕಳಚಿಟ್ಟ. ಅದು ಅವನಿಗೆ ಅಭ್ಯಾಸವಿರಲಿಲ್ಲ. ಕವಣೆ ಅಭ್ಯಾಸವಿತ್ತು. ಸಿಂಹ ಕರಡಿಗಳಿಂದ ಮಂದೆಯನ್ನು ಕಾಪಾಡಿದ ವರ್ಷಗಳು ಅವನ ಬೆನ್ನಿಗಿದ್ದವು. ದೇವರಲ್ಲಿ ಅವನಿಟ್ಟ ಭರವಸೆಯನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಆ ಭರವಸೆ ಅಭ್ಯಾಸವಿಲ್ಲದ ಕೈಯಲ್ಲಿ ಇರಲಿಲ್ಲ ಎನ್ನುತ್ತಿದ್ದೇನೆ. ಇನ್ನೊಂದು ವ್ಯತ್ಯಾಸವೂ ಇದೆ. ಅದು ಯುದ್ಧ. ಗೊಲ್ಯಾತನಿಗೆ ಮುಂದಿನ ವರ್ಷವಿರಲಿಲ್ಲ. ಆಟವೆಂಬುದು ಮನುಷ್ಯರು ಯುದ್ಧದಿಂದ ಬೇರ್ಪಡಿಸಿ ಕಟ್ಟಿಕೊಂಡ ಒಂದು ಸುಂದರ ವ್ಯವಸ್ಥೆ. ಅಲ್ಲಿ ಸೋತವನೂ ಗೆದ್ದವನೂ ಕೈ ಕುಲುಕಿ ಅವರವರ ಮನೆಗೆ ಹೋಗುತ್ತಾರೆ, ಮತ್ತೆ ಬರುತ್ತಾರೆ. ಆದ್ದರಿಂದ ಯುದ್ಧದ ಕಥೆಯನ್ನು ಆಟಕ್ಕೆ ಅಳವಡಿಸುವಾಗ ಎಚ್ಚರ ಬೇಕು.

ಹಣದ ವಿಚಾರವನ್ನೂ ಎತ್ತಬೇಕು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ಋತುವಿನ ಆರಂಭದಲ್ಲಿ ಸುಲಭವಾದ ಒಂದು ಗೆಲುವಿಗಾಗಿ ಸಣ್ಣ ಕಾಲೇಜನ್ನು ಹಣಕೊಟ್ಟು ಕರೆಸಿಕೊಳ್ಳುವ ರೂಢಿಯಿದೆ. 2007ರ ಸೆಪ್ಟೆಂಬರ್ 1ರಂದು ಮಿಷಿಗನ್ ವಿಶ್ವವಿದ್ಯಾಲಯ ನಾಲ್ಕು ಲಕ್ಷ ಡಾಲರ್ ಕೊಟ್ಟು ಅಪಲಾಚಿಯನ್ ಸ್ಟೇಟ್ ಎಂಬ ಕೆಳದರ್ಜೆಯ ವಿಭಾಗದ ತಂಡವನ್ನು ಕರೆಸಿತು. ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರ ಎದುರು ಅತಿಥಿಗಳೇ 34-32ರಿಂದ ಗೆದ್ದರು. ಎಲ್ಲರೂ ನಕ್ಕರು, ನಲಿದರು. ಆದರೆ ಅಂತಹ ಪ್ರತಿಯೊಂದು ಗೆಲುವಿಗೆ ಎಷ್ಟೋ ಸಣ್ಣ ತಂಡಗಳು ಚೆಕ್ ಪಡೆದುಕೊಂಡು, ಪೆಟ್ಟು ತಿಂದು, ಸದ್ದಿಲ್ಲದೆ ಮನೆಗೆ ಮರಳುತ್ತವೆ. ಸೋಲನ್ನು ಮಾರಿದ ಹಣದಿಂದಲೇ ಆ ಕಾಲೇಜಿನ ಇತರ ಆಟಗಳು ನಡೆಯುತ್ತವೆ ಎಂಬ ಸಮರ್ಥನೆ ಸುಳ್ಳಲ್ಲ. ಆದರೂ ಮಾರಿದವರು ಆಡಳಿತ ಮಂಡಳಿಯವರು, ಪೆಟ್ಟು ತಿಂದವರು ಹುಡುಗರು. ನಮ್ಮ ಹಳ್ಳಿಯ ಪಂದ್ಯಾವಳಿಗಳಲ್ಲಿ ಇದು ತಲೆಕೆಳಗಾಗಿದೆ: ಇಲ್ಲಿ ದುರ್ಬಲ ತಂಡವೇ ಪ್ರವೇಶ ಶುಲ್ಕ ಕೊಟ್ಟು ಸೋಲುತ್ತದೆ, ಆ ಹಣ ಬಲಿಷ್ಠರ ಬಹುಮಾನಕ್ಕೆ ಸೇರುತ್ತದೆ! ಇವೆರಡರಲ್ಲಿ ಯಾವುದು ಹೆಚ್ಚು ಅನ್ಯಾಯ ಎಂದು ಯೋಚಿಸಿದಾಗ ನನಗೆ ನಮ್ಮದೇ ಸ್ವಲ್ಪ ಮೇಲೆನಿಸುತ್ತದೆ. ಇಲ್ಲಿ ಹೋಗುವವರು ತಮ್ಮ ಜೇಬಿನ ಹಣದಿಂದ, ತಮ್ಮ ಇಚ್ಛೆಯಿಂದ ಹೋಗುತ್ತಾರೆ. ಅವರ ಸೋಲನ್ನು ಬೇರೆ ಯಾರೂ ಬೆಲೆ ಕಟ್ಟಿ ಒಪ್ಪಿಕೊಂಡಿರುವುದಿಲ್ಲ.

ಹಾಗಾದರೆ ಸಮಬಲರ ನಡುವೆ ಮಾತ್ರ ಪಂದ್ಯ ನಡೆಸಿದರೆ ಸಾಲದೇ? ಕುಸ್ತಿಯಲ್ಲಿ ತೂಕದ ವರ್ಗಗಳಿವೆ. ಕಬಡ್ಡಿಯಲ್ಲಿ 60 ಕಿಲೋ ಒಳಗಿನವರಿಗೆಂದು ಪ್ರತ್ಯೇಕ ಪಂದ್ಯಾವಳಿಗಳು ನಡೆಯುತ್ತವೆ. ಇದು ವಿವೇಕದ ವ್ಯವಸ್ಥೆ. ದೇಹಕ್ಕೆ ಅಪಾಯವಿರುವಲ್ಲಿ ಅನಿವಾರ್ಯವೂ ಹೌದು. ಆದರೆ ಬಾಗಿಲಿಲ್ಲದ ವಿಭಾಗ ಬೇಲಿಯಾಗುತ್ತದೆ. ಮಲೆನಾಡಿನ ಕಾಲೇಜುಗಳು ತಮ್ಮತಮ್ಮಲ್ಲೇ ಆಡಿಕೊಂಡಿರಲಿ ಎಂದರೆ ಸೋಲಿನ ನೋವು ತಪ್ಪಬಹುದು. ಉತ್ತಮ ಆಟ ಹೇಗಿರುತ್ತದೆಂದು ಎದುರಿನಿಂದ ಕಾಣುವ ಅವಕಾಶವೂ ತಪ್ಪುತ್ತದೆ. ಒಳ್ಳೆಯ ದಾಳಿಗಾರನೊಬ್ಬ ಮೈ ಬಾಗಿಸಿ ಬೋನಸ್ ಗೆರೆಯತ್ತ ಕಾಲು ಚಾಚುವುದನ್ನು ದೂರದರ್ಶನದಲ್ಲಿ ನೂರು ಬಾರಿ ನೋಡಬಹುದು. ಅವನ ಕಾಲನ್ನು ಹಿಡಿಯಲು ಹೋಗಿ ಗಾಳಿಯನ್ನು ಹಿಡಿದವನಿಗಷ್ಟೇ ಆ ವೇಗ ಏನೆಂದು ತಿಳಿಯುತ್ತದೆ.

ಬಲಿಷ್ಠರ ಕರ್ತವ್ಯವೇನು ಎಂಬುದು ಕಡಿಮೆ ಚರ್ಚೆಯಾಗುವ ವಿಷಯ. ಎದುರಾಳಿ ತಂಡದ ಎಲ್ಲರೂ ಔಟಾಗಿ ಲೋನ ಬಿದ್ದಾಗ ಗೆಲ್ಲುವ ತಂಡಕ್ಕೆ ಎರಡು ಹೆಚ್ಚುವರಿ ಅಂಕ ಸಿಗುತ್ತದೆ. ಒಂದೇ ಪಂದ್ಯದಲ್ಲಿ ಮೂರು, ನಾಲ್ಕು ಲೋನ ಬೀಳುವುದನ್ನು ನಾವು ಕಂಡಿದ್ದೇವೆ. ಆಗ ಕರುಣೆ ತೋರಬೇಕೆಂದು ಕೆಲವರು ಹೇಳುತ್ತಾರೆ. ಬೇಕೆಂದೇ ಕೈಗೆ ಸಿಕ್ಕಿಬೀಳುವುದು, ನಗುತ್ತ ಅಂಕ ಬಿಟ್ಟುಕೊಡುವುದು ಕರುಣೆಯಲ್ಲ. ಅದು ಎದುರಿಗಿರುವವನನ್ನು ಆಟಗಾರನೆಂದೇ ಪರಿಗಣಿಸದಿರುವುದು. ಅವನು ಮನೆಗೆ ಹೋಗಿ, ಅವರ ಕಡೆಯ ಒಳ್ಳೆಯ ಆಟಗಾರನನ್ನು ಒಮ್ಮೆ ಹಿಡಿದೆ ಎಂದು ಹೇಳಿಕೊಳ್ಳುವ ಒಂದು ಮಾತನ್ನೂ ನಾವು ಕಸಿದುಕೊಂಡಂತೆ. ಮೀಸಲು ಆಟಗಾರರಿಗೆ ಅವಕಾಶ ಕೊಡಿ, ಅದು ನ್ಯಾಯ. ಆದರೆ ಅಂಕಣದೊಳಗೆ ಬಂದವನು ಪೂರ್ಣ ಮನಸ್ಸಿನಿಂದ ಆಡಲಿ. ಪಂದ್ಯ ಮುಗಿದ ಮೇಲೆ ಹತ್ತು ನಿಮಿಷ ಕುಳಿತು, ಎಲ್ಲಿ ಎಡವಿದಿರಿ ಎಂದು ಸೋತವರಿಗೆ ಹೇಳಿಕೊಡುವ ತರಬೇತುದಾರ ನೂರು ಕರುಣೆಗಿಂತ ದೊಡ್ಡ ಉಪಕಾರ ಮಾಡುತ್ತಾನೆ.

ಪಂದ್ಯಾವಳಿಯ ರಚನೆಯಲ್ಲಿಯೂ ಒಂದು ವಿಪರ್ಯಾಸವಿದೆ. ನಾಕೌಟ್ ಪದ್ಧತಿಯಲ್ಲಿ ಮೊದಲ ಪಂದ್ಯ ಸೋತವರು ಮನೆಗೆ. ಗೆದ್ದವರು ಮತ್ತೆ ಮತ್ತೆ ಆಡುತ್ತಾರೆ. ಯಾರಿಗೆ ಹೆಚ್ಚು ಆಟದ ಅಗತ್ಯವಿದೆಯೋ ಅವರಿಗೇ ಕಡಿಮೆ ಆಟ ಸಿಗುತ್ತದೆ. ಸಮಯ, ಹಣ ಎರಡೂ ಉಳಿಯುತ್ತದೆಂದು ಸಂಘಟಕರು ಹೇಳುವುದು ಸರಿಯೇ. ಆದರೂ ಮೊದಲ ಸುತ್ತಿನಲ್ಲಾದರೂ ಲೀಗ್ ಇದ್ದರೆ ದೂರದಿಂದ ಬಂದ ತಂಡ ಮೂರು ಪಂದ್ಯವಾದರೂ ಆಡಿ ಹೋಗುತ್ತದೆ.

ಈಗ ನಮ್ಮ ಜಿಲ್ಲೆಯದೇ ಆದ, ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೂ ತಟ್ಟುವ ಒಂದು ಪ್ರಸಂಗಕ್ಕೆ ಬರುತ್ತೇನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿಗಳ ಕಾಡಂಚಿನಲ್ಲಿ ಸಿದ್ದಿ ಜನಾಂಗದವರು ಬಾಳುತ್ತಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ. ಗೋವೆಯ ದಾಸ್ಯದಿಂದ ತಪ್ಪಿಸಿಕೊಂಡು ಈ ಕಾಡುಗಳಲ್ಲಿ ಆಶ್ರಯ ಪಡೆದವರು ಅವರಲ್ಲಿ ಅನೇಕರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮೊಡನೆ ಬಲಿಪೂಜೆಯಲ್ಲಿ ಮೊಣಕಾಲೂರುವ ಕ್ರೈಸ್ತರಿದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಈ ಹಳ್ಳಿಗಳಿಗೆ ಬಂದಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದವರು ಮುಂದೆ 1999ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ಆಯ್ಕೆಯಾದ ಮಾರ್ಗರೆಟ್ ಆಳ್ವ. ಬರಿಗಾಲಿನಲ್ಲಿ ಓಡಿದ ಮಕ್ಕಳಲ್ಲಿ ಚುರುಕಾದವರನ್ನು ಆರಿಸಿ, ತರಬೇತಿ ಕೇಂದ್ರಗಳಿಗೆ ಕರೆದೊಯ್ದು, ಊಟ, ಶಾಲೆ, ಶೂ, ತರಬೇತಿ ಒದಗಿಸಿದರು. ಕೆಲವೇ ವರ್ಷಗಳಲ್ಲಿ ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಮುಂತಾದವರ ಹೆಸರುಗಳು ರಾಷ್ಟ್ರಮಟ್ಟದ ಅಥ್ಲೆಟಿಕ್ಸ್‌ನಲ್ಲಿ ಕೇಳಿಬಂದವು. ಜಿಲ್ಲಾ ಕೇಂದ್ರವನ್ನೇ ಕಾಣದ ಮನೆಗಳ ಮಕ್ಕಳು ಮಹಾನಗರಗಳ ಕ್ರೀಡಾಂಗಣಗಳಲ್ಲಿ ದೇಶದ ಬಲಿಷ್ಠರೊಡನೆ ಭುಜಕ್ಕೆ ಭುಜ ಕೊಟ್ಟು ಓಡಿದರು.

1993ರಲ್ಲಿ ಸಿದ್ದಿಗಳಿಗಾಗಿ ನಡೆಯುತ್ತಿದ್ದ ಆ ತರಬೇತಿ ನಿಂತುಹೋಯಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಉದ್ಯೋಗ ದೊರೆತಿತ್ತು. ಉಳಿದವರು ಮನೆಗೆ ಮರಳಿದರು. ಕೂಲಿಗೆ, ಗದ್ದೆಗೆ, ಕಾಡಿನ ಕೆಲಸಕ್ಕೆ ಮರಳಿದರು.

ಆ ಯೋಜನೆಯ ಮೂಲದಲ್ಲಿಯೇ ಒಂದು ಕೊರತೆಯಿತ್ತೆಂದು ನನಗನಿಸುತ್ತದೆ. ಆಫ್ರಿಕಾ ಮೂಲದವರಾದುದರಿಂದ ಓಟ ಅವರ ರಕ್ತದಲ್ಲಿಯೇ ಇದೆ, ಪದಕಗಳು ತಾನಾಗಿ ಬರುತ್ತವೆ ಎಂಬ ಊಹೆ ಅದರ ಹಿಂದಿತ್ತು. ಮನುಷ್ಯನನ್ನು ಪೂರ್ವಿಕರ ಮಾಂಸಖಂಡವೆಂದು ನೋಡುವುದು ಹೊಗಳಿಕೆಯ ರೂಪದಲ್ಲಿ ಬಂದರೂ ಅವಮಾನವೇ. ಆ ಊಹೆಯಿಂದ ಆರಂಭಿಸಿದವರಿಗೆ ತಾಳ್ಮೆ ಕಡಿಮೆ. ರಕ್ತದಲ್ಲಿಯೇ ಇರುವುದಕ್ಕೆ ಇಪ್ಪತ್ತು ವರ್ಷ ಕಾಯುವುದೇಕೆ? ಆದರೆ ಓಟಗಾರರು ರೂಪುಗೊಳ್ಳುವುದು ಒಂದು ತಲೆಮಾರಿನಲ್ಲಿ. ಮೊದಲು ಓಡಿದವರು ತರಬೇತುದಾರರಾಗಿ ಊರಿಗೆ ಮರಳಬೇಕು. ಅವರ ಮಕ್ಕಳಿಗೆ ಓಟ ವಿಚಿತ್ರವಾಗಿ ಕಾಣಬಾರದು. ಆರು ವರ್ಷ ಅದಕ್ಕೆ ಏನೇನೂ ಸಾಲದು. ಸಿದ್ದಿ ಮಕ್ಕಳು ಎದುರಾಳಿಗಳಿಗೆ ಸೋತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅವರು ಸೋಲಲಿಲ್ಲ, ಗೆಲ್ಲಲಿಲ್ಲ. ಅವರ ಮುಂದಿನ ವರ್ಷವನ್ನು ಕಡತದಲ್ಲಿ ಮುಚ್ಚಲಾಯಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನಮಾನ ದೊರೆಯಿತು. 2016ರ ಸುಮಾರಿಗೆ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಮುಂಡಗೋಡದ ಕಡೆಯಲ್ಲಿ ಮತ್ತೆ ಸಿದ್ದಿ ಮಕ್ಕಳಿಗೆ ಓಟದ ತರಬೇತಿ ಆರಂಭಿಸಿತು. ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷ. 1993ರಲ್ಲಿ ಹತ್ತು ವರ್ಷದವಳಾಗಿದ್ದ ಹುಡುಗಿ ಅಷ್ಟರಲ್ಲಿ ಮೂವತ್ಮೂರು ವರ್ಷದ ತಾಯಿ.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಹೌದು ಎಂಬುದೇ. ಬಲಿಷ್ಠರ ಎದುರು ನಮ್ಮ ಮಕ್ಕಳನ್ನು ಕಳುಹಿಸಬೇಕು. ಆದರೆ ಕಳುಹಿಸುವ ಹಕ್ಕು ಸುಮ್ಮನೆ ಬರುವುದಿಲ್ಲ. ಪಂದ್ಯಕ್ಕೆ ನಾಲ್ಕು ದಿನ ಮುಂಚೆ ತರಗತಿಗಳಿಂದ ಎತ್ತರದ ಹುಡುಗರನ್ನು ಕೂಗಿ ಕರೆದು ತಂಡ ಕಟ್ಟಿ, ಅಂಗಿಯ ಮೇಲೆ ಸಂಖ್ಯೆ ಅಂಟಿಸಿ, "ಹೋಗಿ ಬನ್ನಿ, ಭಾಗವಹಿಸುವುದೇ ಮುಖ್ಯ" ಎಂದು ಹರಸಿ ಕಳುಹಿಸುವುದು ಧೈರ್ಯವನ್ನು ಕಲಿಸುವುದಲ್ಲ. ವರ್ಷವಿಡೀ ಅಭ್ಯಾಸ ಮಾಡಿಸಿದವರಿಗೆ ಮಾತ್ರ ಆ ಮಾತನ್ನು ಹೇಳುವ ಅಧಿಕಾರವಿದೆ.

ವರ್ಷವಿಡೀ ಅಭ್ಯಾಸ ಎಂದಾಗ ಎದುರಾಗುವುದು ಬಹಳ ಸಾಮಾನ್ಯವಾದ ಒಂದು ಸಮಸ್ಯೆ. ತರಗತಿ ಮುಗಿಯುವುದು ಸಂಜೆ ನಾಲ್ಕರ ಹೊತ್ತಿಗೆ. ಒಳಗಿನ ಹಳ್ಳಿಗಳಿಗೆ ಸಂಜೆಯ ಬಸ್ಸು ಬಿಟ್ಟರೆ ಬೇರೆ ಬಸ್ಸಿಲ್ಲ. ಅಭ್ಯಾಸಕ್ಕೆ ನಿಂತವರಿಗೆ ಬಸ್ಸು ತಪ್ಪುತ್ತದೆ, ಬಸ್ಸು ಹಿಡಿದವರಿಗೆ ಅಭ್ಯಾಸ ತಪ್ಪುತ್ತದೆ. ಗಂಡುಮಕ್ಕಳು ಹೇಗೋ ಯಾರದೋ ಬೈಕಿನ ಹಿಂದೆ ಕುಳಿತು ಮನೆ ಸೇರುತ್ತಾರೆ. ಹೆಣ್ಣುಮಕ್ಕಳ ತಂಡ ಆಗಸ್ಟಿನಲ್ಲಿ ಹನ್ನೆರಡು ಮಂದಿಯಿಂದ ಆರಂಭವಾಗಿ ಅಕ್ಟೋಬರಿಗೆ ಏಳಕ್ಕೆ ಇಳಿಯುತ್ತದೆ, ಏಳನೆಯವಳಿಗೆ ಜ್ವರ ಬಂದರೆ ತಂಡವೇ ಇಲ್ಲ. ಪೇಟೆಯಲ್ಲಿ ಮನೆಯಿರುವ ನಮ್ಮ ಕುಟುಂಬಗಳು ವಾರಕ್ಕೆರಡು ರಾತ್ರಿ ಅಂತಹ ಒಬ್ಬಳನ್ನು ಮನೆಯಲ್ಲಿ ಉಳಿಸಿಕೊಳ್ಳಬಲ್ಲವು. ಜೀಪು, ಕಾರು ಇರುವವರು ಸರದಿಯಲ್ಲಿ ಮೂರು ಮಂದಿಯನ್ನು ಊರು ಮುಟ್ಟಿಸಬಲ್ಲರು. ಜುಲೈ ತಿಂಗಳಲ್ಲಿಯೇ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು, ಯಾವ ಹಳ್ಳಿಯ ಎಷ್ಟು ಮಕ್ಕಳು ಬಸ್ಸಿಗಾಗಿ ಆಟ ಬಿಡುತ್ತಿದ್ದಾರೆಂದು ಕೇಳಿದರೆ ಅವರು ಹೆಸರು ಸಹಿತ ಹೇಳುತ್ತಾರೆ.